ತಿಪ್ಪರಸ ಪಂಡಿತನ ಓಲೆಮದ್ದು

ಬಹಳ ಬಹಳ ಹಿಂದೆ, ಕಾಗೆಗೆ ಇನ್ನೂ ಕಪ್ಪು ಹಚ್ಚುವುದು ಬಾಕಿ ಇದ್ದ ಕಾಲದಲ್ಲಿ, ಹೊನ್ನರಳಿ ಎಂಬ ರಾಜ್ಯವಿತ್ತು. ಆ ರಾಜ್ಯದ ಅಂಚಿಗೆ ಕರಿಹೊಳೆ ಹರಿಯುತ್ತಿತ್ತು. ಹೊಳೆಯ ಆಚೆ ದಡದಲ್ಲಿ ಕೋಟೆ, ಅರಮನೆ, ಪೇಟೆ, ಆನೆಲಾಯ. ಈಚೆ ದಡದಲ್ಲಿ ಕಾಡು, ಕಾಡಿನ ಬಾಯಲ್ಲಿ ಒಂದು ಗುಡಿಸಲು, ಗುಡಿಸಲೊಳಗೆ ತಿಪ್ಪರಸ ಪಂಡಿತ.

ತಿಪ್ಪರಸ ಪಂಡಿತನೆಂದರೆ ಸಾಮಾನ್ಯನಲ್ಲ. ಅವನು ಸೀನಿದರೆ ಎದುರಿಗಿದ್ದವರ ನೆಗಡಿ ವಾಸಿಯಾಗುತ್ತಿತ್ತು. ಬೋಳುಗುಡ್ಡಕ್ಕೆ ಎಣ್ಣೆ ತಿಕ್ಕಿ ಕಾಡು ಬೆಳೆಸಿದವನು ಅವನೇ. ಆನೆಯೊಂದರ ಹಲ್ಲುನೋವಿಗೆ ಅವನು ಕೊಟ್ಟ ಮದ್ದು ಎಷ್ಟು ನಾಟಿತೆಂದರೆ, ಅಲ್ಲಿಯವರೆಗೆ ಬಾಯೊಳಗೆ ಅಡಗಿದ್ದ ಹಲ್ಲು ಮದ್ದು ಕೊಟ್ಟವನ ಮುಖ ನೋಡಲೆಂದು ಹೊರಗೆ ಬಂದು ದಂತವಾಗಿ ನಿಂತಿತು. ಇದನ್ನೆಲ್ಲ ಕಂಡವರು ಯಾರು ಎಂದು ಕೇಳಬೇಡಿ. ಪಂಡಿತನೇ ಹೇಳಿದ್ದು, ಪಂಡಿತನೇ ಕೇಳಿದ್ದು. ಕಾಡಂಚಿನ ಹಳ್ಳಿಯವರು ಬೆನ್ನ ಹಿಂದೆ ಅವನನ್ನು ಅಳಲೆಕಾಯಿ ಪಂಡಿತ ಎನ್ನುತ್ತಿದ್ದರು. ಹೊಟ್ಟೆನೋವಿಗೂ ಅಳಲೆಕಾಯಿ, ತಲೆನೋವಿಗೂ ಅಳಲೆಕಾಯಿ, ಸೊಸೆ ಮಾತು ಕೇಳದಿದ್ದರೂ ಅಳಲೆಕಾಯಿ. ಆದರೂ ಕೈಗುಣ ಒಳ್ಳೆಯದು ಎಂಬುದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು.

ಇಂಥವನಿಗೂ ಆಗದ ಕೆಲಸ ಒಂದಿತ್ತು. ಹೊಳೆ ದಾಟುವುದು. ಕರಿಹೊಳೆಯಲ್ಲಿ ಒಂದು ಮೊಸಳೆ ಮಲಗಿತ್ತು. ತಲೆ ಈ ದಡಕ್ಕೆ, ಬಾಲ ಆ ದಡಕ್ಕೆ. ಹಿಂದೆ ಅದೇ ಮೊಸಳೆ ಜನರನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತಿತ್ತಂತೆ. ಆಮೇಲೆ ಅದಕ್ಕೆ ಏನಾಯಿತೋ, ದೋಣಿ ಕಂಡರೆ ಅಡಕೆ ಕಡಿದಂತೆ ಕಡಿದು ಉಗುಳತೊಡಗಿತು.

ಹೀಗಾಗಿ ಅರಮನೆಗೂ ಪಂಡಿತನಿಗೂ ವ್ಯವಹಾರವೆಲ್ಲ ಓಲೆಗರಿಯಲ್ಲಿ. ಓಲೆ ತರುತ್ತಿದ್ದದ್ದು ಚೀಲಪ್ಪ ಎಂಬ ಹೆಜ್ಜಾರ್ಲೆ ಹಕ್ಕಿ. ಕೊಕ್ಕಿನ ಕೆಳಗಿನ ಚೀಲದಲ್ಲಿ ಒಂದು ಮಗ್ಗುಲಿಗೆ ಮೀನು, ಇನ್ನೊಂದು ಮಗ್ಗುಲಿಗೆ ರಾಜಮುದ್ರೆಯ ಓಲೆ. ಹೊನ್ನರಳಿಯ ರಾಜಕಾರ್ಯಕ್ಕೆಲ್ಲ ಸ್ವಲ್ಪ ಮೀನಿನ ವಾಸನೆ ಇರುತ್ತಿತ್ತು. ಯಾರೂ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಚೀಲಪ್ಪ ಬಂದು ಓಲೆ ಉಗುಳಿದ. ಪಂಡಿತ ಒರೆಸಿ ಓದಿದ.

"ಶ್ರೀಮತು ಹೊನ್ನರಳಿಯ ಅರಮನೆಯಿಂದ ತಿಪ್ಪರಸ ಪಂಡಿತರಿಗೆ ಬಿನ್ನಹ. ನಮ್ಮ ಆನೆಲಾಯದ ಮಾವುತ ಬಸಕನ ನಾಲಿಗೆಗೆ ಉಪ್ಪು ಹತ್ತುತ್ತಿಲ್ಲ. ಉಂಡದ್ದು ಮಣ್ಣಿನಂತಾಗುತ್ತದೆ. ಅಂಗೈ ಅಂಗಾಲು ತಣ್ಣಗಿರುತ್ತವೆ. ಮದ್ದು ತಿಳಿಸುವುದು."

ಕೆಳಗೆ ಧೂಪದಯ್ಯನ ಅಂಕಿತವಿತ್ತು. ಈ ಧೂಪದಯ್ಯ ಎಲ್ಲಿಂದಲೋ ಬಂದು ಅರಮನೆ ಸೇರಿದವನು. ಸಂಜೆಯಾದರೆ ಅರಸಿಯ ಕೋಣೆಗೆ ದೃಷ್ಟಿ ತಾಗದಂತೆ ಧೂಪ ಹಾಕುವುದು ಅವನ ಕೆಲಸ. ಅಕ್ಷರ ದುಂಡಗಿದೆ ಎಂದು ಓಲೆ ಬರೆಯುವುದು, ಓದುವುದೂ ಅವನ ಪಾಲಿಗೇ ಬಂದಿತ್ತು. ಬಹಳ ಮರ್ಯಾದಸ್ಥ. ಬೆಕ್ಕನ್ನೂ ಬಹುವಚನದಲ್ಲೇ ಮಾತನಾಡಿಸುತ್ತಿದ್ದ.

ಪಂಡಿತ ಕಬ್ಬಿಣದ ಕಂಟ ಹಿಡಿದು ಗರಿ ಕೊರೆಯಲು ಕೂತ. ಮೊದಲು ತನ್ನ ಪ್ರತಾಪವನ್ನು ಗರಿಯ ಎರಡೂ ಬದಿಗೆ ಬರೆದ. ಆಮೇಲೆ ಇನ್ನೊಂದು ಗರಿ ತೆಗೆದು ಮದ್ದು ಬರೆದ. "ಮಾವುತನೆಂದರೆ ಆನೆಯನ್ನು ಬಗ್ಗಿಸುವ ಮೈ. ಮೆಲ್ಲಗೆ ಹೇಳಿದರೆ ಅಂಥ ಮೈಯ ರೋಗಕ್ಕೆ ಕೇಳಿಸದು. ಅಳಲೆಕಾಯಿ ಚೂರ್ಣ ಬೊಗಸೆ ತುಂಬ, ಒಣಶುಂಠಿ ಮುಷ್ಟಿ ತುಂಬ, ಬೇವಿನ ತೊಗಟೆಯ ಕಷಾಯದಲ್ಲಿ ಕಲಸಿ ಕುಡಿಸುವುದು. ಹೊಟ್ಟೆ ತೊಳೆದ ಮಡಕೆಯಾಗುವವರೆಗೂ ಬಿಡಬಾರದು."

ಚೀಲಪ್ಪ ಹಾರಿಹೋದ. ಪಂಡಿತ ಗಂಜಿ ಕುಡಿಯಲು ಕೂತರೆ ಗಂಜಿ ಸಪ್ಪೆ. ಉಪ್ಪು ಹಾಕಿದ. ಸಪ್ಪೆ. ಹಿಡಿ ಹಿಡಿ ಸುರಿದ. ಆದರೂ ಸಪ್ಪೆ. "ಈ ಉಪ್ಪಿಗೆ ವಯಸ್ಸಾಯಿತು" ಎಂದು ಮಡಕೆಯನ್ನು ಬೈದು ಮಲಗಿದ.

ಕೆಲವು ದಿನ ಕಳೆದು ಚೀಲಪ್ಪ ಮತ್ತೆ ಬಂದ.

"ಏನಪ್ಪ, ಮಾವುತ ಹೇಗಿದ್ದಾನೆ?"

"ಗುಂಡುಕಲ್ಲಿನ ಹಾಗಿದ್ದಾನೆ, ಪಂಡಿತರೇ. ನಿನ್ನೆ ಆನೆಯ ಜೊತೆ ಪಂತ ಕಟ್ಟಿ ಬಾಳೆಗೊನೆ ತಿಂದ."

ಪಂಡಿತನ ಮೀಸೆ ತಾನಾಗಿ ತಿರುಚಿಕೊಂಡಿತು. "ನೋಡಿದೆಯಾ? ಮುಟ್ಟಿಲ್ಲ, ಮುಖ ನೋಡಿಲ್ಲ. ಹೊಳೆಯ ಈಚೆ ಕೂತು ಆಚೆಯವನ ಹೊಟ್ಟೆ ಸರಿ ಮಾಡಿದೆ."

"ನೋಡಿದೆ" ಎಂದು ಚೀಲಪ್ಪ ಎರಡನೆಯ ಓಲೆ ಉಗುಳಿದ.

ಈ ಸಲ ಅರಮನೆಗೆ ನೀರು ಹೊರುವ ಲಚ್ಚವ್ವನಿಗೆ ಕಾಯಿಲೆ. ಅವಳ ಕಣ್ಣಿಗೆ ಕೆಂಪು ಬಣ್ಣ ಕಾಣುತ್ತಿಲ್ಲ. ಕುಂಕುಮ ಬೂದಿಯಂತೆ ಕಾಣುತ್ತದೆ. ಮೈ ಸದಾ ನಡುಗುತ್ತದೆ, ಹಾಸಿಗೆ ಬಿಟ್ಟು ಏಳಲಾರಳು.

ಪಂಡಿತನಿಗೆ ಇದು ಬಾಳೆಹಣ್ಣು ಸುಲಿದಷ್ಟು ಸುಲಭವಾಯಿತು. "ಹಗಲೆಲ್ಲ ತೊಯ್ದ ಸೀರೆಯಲ್ಲಿ ಓಡಾಡುವವಳ ಎಲುಬಿಗೆ ನೀರು ಇಳಿದಿದೆ. ಅವಳನ್ನು ಒಣಗಿಸಬೇಕು. ಗಾಳಿ ಸೋಕಬಾರದು. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಬೆಳಗಿನಿಂದ ಸಂಜೆಯವರೆಗೆ ಒಳ್ಳೆಯ ಹೊಗೆ ಹಾಕುವುದು" ಎಂದು ಬರೆದ. ಹೊಗೆ ಹಾಕುವ ವಿದ್ಯೆಯಲ್ಲಿ ತಾನು ಮೋಡಕ್ಕೇ ಪಾಠ ಹೇಳಿಕೊಟ್ಟವನೆಂದು ಬರೆಯುವುದನ್ನೂ ಮರೆಯಲಿಲ್ಲ.

ಆ ಓಲೆ ಹೋದ ಮೇಲೆ ಕಾಡು ಕಳೆಗುಂದಿತು. ಗುಡಿಸಲ ಮುಂದಿನ ದಾಸವಾಳ ಬೂದಿ ಬಣ್ಣದಲ್ಲಿ ಅರಳಿತು. ಮುತ್ತುಗದ ಹೂವು ಬೂದಿ. ಗಿಣಿಯ ಕೊಕ್ಕು ಬೂದಿ. ಬೇರು ಕುಯ್ಯುವಾಗ ಪಂಡಿತನ ಬೆರಳು ಕೊಯ್ದುಕೊಂಡು ರಕ್ತ ಬಂತು. ಅದೂ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಸೋರಿತು. ಕಂಡವರ ಮುಂದೆ ಕೊಚ್ಚಿಕೊಳ್ಳಲು ಅಂದು ಅವನಿಗೆ ಏನೂ ತೋಚಲಿಲ್ಲ.

ಚೀಲಪ್ಪ ಬಂದಾಗ ಪಂಡಿತ ಕೇಳಿದ. "ಲಚ್ಚವ್ವ ಹೇಗಿದ್ದಾಳೆ?"

"ಕೊಡದ ಮೇಲೆ ಕೊಡ ಇಟ್ಟುಕೊಂಡು ಓಡಾಡುತ್ತಿದ್ದಾಳೆ."

ಪಂಡಿತನಿಗೆ ಸಮಾಧಾನವಾಯಿತು. ಆದರೆ ಮೀಸೆ ಈ ಸಲ ತಿರುಚಿಕೊಳ್ಳಲಿಲ್ಲ.

ಮೂರನೆಯ ಓಲೆ ಪುಟ್ಟದಿತ್ತು. ಅರಮನೆಗೆ ಹೂಬುಟ್ಟಿ ಹೆಣೆದು ಕೊಡುವ ಕಾಟಮ್ಮಜ್ಜಿಗೆ ತೊಂಬತ್ತು ದಾಟಿದೆ. ಒಂದೊಂದೇ ಹೆಸರು ಮರೆಯುತ್ತಿದ್ದಾಳೆ. ಊಟ ಬಿಟ್ಟಿದ್ದಾಳೆ. ಉಸಿರು ಸಣ್ಣಗಿದೆ. ಏನು ಮಾಡುವುದು?

ವೈದ್ಯನಾದವನು ಬರೆಯಬಾರದ ಓಲೆ ಅಂತ ಒಂದಿದ್ದರೆ ಅದು ಇದು. ಆದರೂ ಒಂದಲ್ಲ ಒಂದು ದಿನ ಎಲ್ಲ ವೈದ್ಯರೂ ಬರೆಯುತ್ತಾರೆ. ತಿಪ್ಪರಸ ಬಡಾಯಿಯ ಒಂದಕ್ಷರವೂ ಇಲ್ಲದೆ ಕೊರೆದ. "ಈ ವಯಸ್ಸಿಗೆ ಮದ್ದಿಲ್ಲ. ಕಹಿ ಕುಡಿಸಿ ಕಾಡಬೇಡಿ. ಎಬ್ಬಿಸಬೇಡಿ. ಬಾಯಿಗೆ ತುಳಸಿನೀರು ಬಿಟ್ಟು, ತಲೆಯ ಬಳಿ ದೀಪ ಹಚ್ಚಿಡಿ. ನೆಮ್ಮದಿಯಿಂದ ಹೋಗಲಿ."

ಗರಿಗೆ ದಾರ ಕಟ್ಟಿ ಚೀಲಪ್ಪನ ಮುಂದಿಟ್ಟ. ಚೀಲಪ್ಪ ಹಾರುವ ಮೊದಲು ಎರಡು ತುತ್ತು ತಿನ್ನೋಣವೆಂದು ಚೀಲದಿಂದ ಒಂದು ಮೀನು ತೆಗೆದವನು ಅದನ್ನೇ ದಿಟ್ಟಿಸಿದ.

"ಪಂಡಿತರೇ, ಇದಕ್ಕೆ ಏನಂತಾರೆ?"

"ಅದಾ? ಅದು..." ಪಂಡಿತನಿಗೆ ಬರಲಿಲ್ಲ.

"ಹುಟ್ಟಿದಾಗಿನಿಂದ ತಿಂದಿದ್ದೇನೆ. ಈಗ ಹೆಸರು ನೆನಪಾಗುತ್ತಿಲ್ಲ. ಊರಲ್ಲೂ ಇದೇ ಆಗಿದೆ. ತಾಯಂದಿರು ಮಕ್ಕಳನ್ನು 'ಏ ಇವನೇ' ಅಂತ ಕರೆಯುತ್ತಿದ್ದಾರೆ. ಮಕ್ಕಳು ಯಾರ ಕಡೆ ಓಡಬೇಕೆಂದು ತಿಳಿಯದೆ ಬೀದಿಯಲ್ಲಿ ನಿಂತಿವೆ."

ಪಂಡಿತ ತಟ್ಟನೆ ಎದ್ದು ಮದ್ದಿನ ಗೂಡಿನ ಮುಂದೆ ನಿಂತ. ಸಾಲು ಸಾಲು ಕುಡಿಕೆ. ಒಂದರ ಹೆಸರೂ ಬಾಯಿಗೆ ಬರಲಿಲ್ಲ. ಒಂದು ಕುಡಿಕೆಗೆ ಕೈ ಹಾಕಿ ಸುಕ್ಕುಗಟ್ಟಿದ ಒಂದು ಕಾಯಿ ತೆಗೆದ. ಜೀವಮಾನವೆಲ್ಲ ಅರೆದ ಕಾಯಿ. ಊರವರು ಅವನಿಗೆ ಅಡ್ಡಹೆಸರು ಇಟ್ಟದ್ದೇ ಆ ಕಾಯಿಂದ. ಅದರ ಹೆಸರೂ ಹೋಗಿತ್ತು.

ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಮರೆತರೆ ಅವಳಿಗೆ ಮಾತ್ರ ಮರೆಯಬೇಕು. ಹೊಳೆಯಾಚೆಯ ವೈದ್ಯನಿಗೆ ಮರೆಯುವುದೇಕೆ? ಮಾವುತನ ನಾಲಿಗೆ ಕೆಟ್ಟರೆ ಲೋಕದ ಉಪ್ಪು ಸಪ್ಪೆಯಾಗುವುದೇಕೆ? ಹೊನ್ನರಳಿಯಲ್ಲಿ ಒಂದು ಮಾತಿತ್ತು, ನಾಡಿಗೂ ನಾಡನ್ನು ಆಳುವವರಿಗೂ ಒಂದೇ ಮೈ ಅಂತ. ಅರಸಿ ನಕ್ಕರೆ ರಾಗಿ ತೆನೆ ಬಿಡುತ್ತದೆ ಅಂತ. ಅದು ಹೊಗಳುಭಟ್ಟರ ಮಾತೆಂದು ತಿಪ್ಪರಸ ತಿಳಿದಿದ್ದ. ಸುಳ್ಳು ಹೇಳುವವನಿಗೆ ಬೇರೆಯವರ ನಿಜದ ಮೇಲೆ ನಂಬಿಕೆ ಕಡಿಮೆ.

"ಲೇ ಚೀಲಪ್ಪ, ಅರಮನೆಯಲ್ಲಿ ಕಾಯಿಲೆ ಯಾರಿಗೆ?"

"ಅಮ್ಮಣ್ಣಿಯವರಿಗೆ. ನಮ್ಮ ಅರಸಿಗೆ. ಇನ್ಯಾರಿಗೆ?"

"ಓಲೆಯಲ್ಲಿ ಮಾವುತ ಅಂತಿತ್ತು."

"ಇರುತ್ತದೆ. ಆಳುವವರ ಕಾಯಿಲೆಯನ್ನು ಆಳುವವರ ಹೆಸರಲ್ಲಿ ಯಾರು ಬರೆಯುತ್ತಾರೆ? ಹೊನ್ನರಳಿಯಲ್ಲಿ ಕೆಮ್ಮಿದ ಸುದ್ದಿ ಹೋದರೆ ಪಕ್ಕದ ರಾಜ್ಯದವರು ಕುದುರೆಗೆ ಜೀನು ಬಿಗಿಯುತ್ತಾರೆ. ಅದಕ್ಕೇ ಬೇರೆಯವರ ಹೆಸರು. ಆ ಹೆಸರಿನವರು ಬಂದು ಅಮ್ಮಣ್ಣಿಯ ಮಂಚದ ಕಾಲ ಬಳಿ ರೋಗಿಯಾಗಿ ಕೂರಬೇಕು. ನಿಮ್ಮ ಓಲೆಯನ್ನು ಅವರ ಕಡೆ ಮುಖ ಮಾಡಿ ಗಟ್ಟಿಯಾಗಿ ಓದುತ್ತಾರೆ. ಮದ್ದು ಅವರ ಕೈಗೆ, ಅವರ ಕೈಯಿಂದ ಅಮ್ಮಣ್ಣಿಯ ಬಾಯಿಗೆ. ತಾತನ ಕಾಲದಿಂದ ಹೀಗೇ."

"ನನಗೆ ಗೊತ್ತಿರಲಿಲ್ಲ."

"ಎಲ್ಲ ಬಲ್ಲವರು ಅಂತ ನೀವೇ ಬರೆಯುತ್ತೀರಲ್ಲ, ಪಂಡಿತರೇ. ಕೇಳದವರಿಗೆ ನಾನ್ಯಾಕೆ ಹೇಳಲಿ?"

ಪಂಡಿತ ಹತ್ತಿರ ಸರಿದ. "ಆ ಬೊಗಸೆ ಚೂರ್ಣ?"

"ಅಮ್ಮಣ್ಣಿ ಕುಡಿದರು. ಕುಡಿದವರು ಆಮೇಲೆ ಎದ್ದಿಲ್ಲ."

"ಆಕೆಗೆ ವಯಸ್ಸೆಷ್ಟು?"

"ಹದಿನೆಂಟು. ಮೈ ಒಣಗಿದ ಬಾಳೆನಾರು."

"ಕಿಟಕಿ?"

"ನೀವು ಹೇಳಿದಿರಲ್ಲ. ಜೇಡಿಮಣ್ಣು ಮೆತ್ತಿ ಮುಚ್ಚಿದ್ದಾರೆ. ಮೊದಲು ಸಂಜೆಗೊಮ್ಮೆ ಇದ್ದ ಧೂಪ ಈಗ ದಿನವಿಡೀ. ಹಾಕಿದ ಧೂಪ ಉರಿದು ಬೂದಿಯಾದರೆ ಧೂಪದಯ್ಯ ಒಂದು ಚೂರೂ ಚೆಲ್ಲದೆ ಸೋರೆಬುರುಡೆಗೆ ತುಂಬಿಕೊಳ್ಳುತ್ತಾನೆ. ಒಮ್ಮೆ ಆ ಬುರುಡೆಗೆ ನನ್ನ ಕೊಕ್ಕು ತಾಗಿತು. ಎಷ್ಟೋ ದಿನದ ಮೇಲೆ ನಾಲಿಗೆಗೆ ಉಪ್ಪು ಹತ್ತಿತು. ವಿಚಿತ್ರ ಅನ್ನಿಸಿತು. ನನ್ನ ಕೆಲಸ ಓಲೆ ಸಾಗಿಸುವುದು, ಸುಮ್ಮನಾದೆ."

ಆಗ ತಿಪ್ಪರಸನಿಗೆ ಎಲ್ಲ ಹೊಳೆಯಿತು. ಧೂಪದಯ್ಯ ಅರಸಿಯ ಮುಂದೆ ಸುಡುತ್ತಿದ್ದದ್ದು ಮಂಕುಬೂದಿಯ ಧೂಪ. ಆ ಹೊಗೆ ಅವಳಿಂದ ಒಂದೊಂದನ್ನೇ ಕಿತ್ತು ಬೂದಿ ಮಾಡಿ ಬುರುಡೆ ಸೇರಿಸುತ್ತಿತ್ತು. ನಾಡಿನ ಉಪ್ಪು ಬುರುಡೆಯಲ್ಲಿತ್ತು. ಕೆಂಪು ಬುರುಡೆಯಲ್ಲಿತ್ತು. ಹೆಸರುಗಳು ಈಗ ಸೇರುತ್ತಿದ್ದವು. ಕೊನೆಗೆ ಅರಸಿಗೆ ಅವಳ ಹೆಸರೇ ಮರೆತರೆ ಉಸಿರು ನಿಲ್ಲುತ್ತದೆ, ನಾಡು ಬುರುಡೆಯವನ ಪಾಲಾಗುತ್ತದೆ. ಮಾವುತನ ಹೆಸರು ಬರೆದರೆ ಯಾವ ವೈದ್ಯನಾದರೂ ಬೊಗಸೆ ಲೆಕ್ಕದಲ್ಲಿ ಕೊಡುತ್ತಾನೆ. ನೀರು ಹೊರುವವಳೆಂದರೆ ಕಿಟಕಿ ಮುಚ್ಚಿ ಹೊಗೆ ಹಾಕಿಸುತ್ತಾನೆ. ತೊಂಬತ್ತರ ಅಜ್ಜಿಯೆಂದರೆ ಕೈ ಬಿಡುತ್ತಾನೆ. ಮಾಯಾವಿ ಮಾಡಿದ್ದು ಹೆಸರು ಆರಿಸುವ ಕೆಲಸವನ್ನಷ್ಟೇ. ಮಿಕ್ಕದ್ದನ್ನೆಲ್ಲ ಮಾಡಿದ್ದು ತಿಪ್ಪರಸನ ಕಂಟ.

ಕಾಟಮ್ಮಜ್ಜಿಗೆಂದು ತಾನು ಬರೆದಿದ್ದ ಓಲೆಯನ್ನು ಅವನು ಮುರಿದು ಒಲೆಗೆ ಹಾಕಿದ. ಅದರ ಬೆಂಕಿಯಲ್ಲೂ ಕೆಂಪಿರಲಿಲ್ಲ.

ಅವನ ಗುರು ಒಂದು ಮಾತು ಹೇಳಿದ್ದ. ರೋಗ ಕಳ್ಳನ ಹಾಗೆ. ಅಡಗಿರುವ ಮನೆಯ ಯಜಮಾನನ ಹೆಸರು ಹಿಡಿದು ಕೂಗಿದರೆ ಎದ್ದು ಬರಲೇಬೇಕು. ಬೇರೆ ಹೆಸರು ಕೂಗಿದರೆ ಒಳಗೇ ಕೂತು ನಗುತ್ತದೆ.

"ಅಮ್ಮಣ್ಣಿಯ ಹೆಸರೇನು?"

ಚೀಲಪ್ಪ ಕೊಕ್ಕು ತೆರೆದ, ಮುಚ್ಚಿದ. "ಅಮ್ಮಣ್ಣಿ."

"ಅದು ಕರೆಯುವ ಹೆಸರು. ಇಟ್ಟ ಹೆಸರು?"

"ಇತ್ತು. ಚೆನ್ನಾಗಿತ್ತು." ಹಕ್ಕಿಯ ಕಣ್ಣಲ್ಲಿ ನೀರು ತುಂಬಿತು. "ನಾಮಕರಣದ ದಿನ ತಾಮ್ರದ ತಗಡಿನ ಮೇಲೆ ಕೆತ್ತಿಸಿ ಹೊಳೆಗೆ ಬಿಟ್ಟಿದ್ದರು. ಅರಮನೆಯ ಮಗುವಿನ ಹೆಸರನ್ನು ಹೊಳೆಗೂ ತಿಳಿಸಬೇಕು, ಅದು ಪದ್ಧತಿ. ತಗಡು ನೀರು ಮುಟ್ಟುವುದರೊಳಗೆ ಮೊಸಳೆ ನುಂಗಿತು."

ಪಂಡಿತ ಆ ಹೆಸರಿಲ್ಲದ ಕಾಯಿಗಳ ಕುಡಿಕೆಯನ್ನೇ ಬಗಲಿಗಿಟ್ಟುಕೊಂಡು ಹೊಳೆಗೆ ಇಳಿದ. ಮೊಸಳೆ ಕಣ್ಣು ತೆರೆಯಿತು. ಕಣ್ಣು ಎಂದರೆ ಒಂದೊಂದೂ ಒಂದೊಂದು ಬಾವಿ.

"ಮೊಸಳೆಯಪ್ಪ, ಎಲ್ಲಿ ನೋವು? ಹಿಂದೆ ಒಂದು ತಾಮ್ರದ ತಗಡು ನುಂಗಿದ್ದೆಯಾ?"

"ಒಬ್ಬಟ್ಟಿನ ತಟ್ಟೆ ಅಂದುಕೊಂಡೆ" ಎಂದಿತು ಮೊಸಳೆ. "ಅವತ್ತಿನಿಂದ ಹೊಟ್ಟೆಗೆ ಅಡ್ಡ ನಿಂತಿದೆ. ಎಡಕ್ಕೆ ಹೊರಳಿದರೆ ಚುಚ್ಚುತ್ತದೆ, ಬಲಕ್ಕೆ ಹೊರಳಿದರೆ ಕೊರೆಯುತ್ತದೆ. ನೋವು ತಡೆಯಲಾರದೆ ದೋಣಿ ಕಡಿಯುತ್ತೇನೆ. ಈಗ ನಿನ್ನನ್ನೂ ಕಡಿಯಬೇಕು ಅನ್ನಿಸುತ್ತಿದೆ."

"ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವೇ?"

"ಎಲ್ಲಿ ನೋವು ಅಂತ ಕೇಳಿದವನು ನೀನೇ ಮೊದಲು."

ತಿಪ್ಪರಸನಿಗೆ ಆ ಮಾತು ಚುಚ್ಚಿತು. ತಾನೂ ಯಾರನ್ನೂ ಕೇಳಿದವನಲ್ಲ. ಕಾಯಿಯೊಂದನ್ನು ಕಚ್ಚಿ ನೋಡಿದ. ಒಗರು ಹಾಗೇ ಇತ್ತು. ಹೆಸರು ಹೋಗಿದ್ದರೂ ಗುಣ ಹೋಗಿರಲಿಲ್ಲ. ಮೊಸಳೆಯ ಬಾಯಿ ತೆರೆಸಿ ಕುಡಿಕೆಯನ್ನೇ ಬೋರಲು ಹಾಕಿದ. ಮುಂದಿನದನ್ನು ಮರ್ಯಾದಸ್ಥರ ಮುಂದೆ ವಿವರಿಸುವಂತಿಲ್ಲ. ಕೆಳಗಿನ ಊರಿನವರು ಹೊಳೆ ಉಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿದರು ಎಂದರೆ ಸಾಕು. ಕೊನೆಗೆ ಮರಳಿನ ಮೇಲೆ ತಾಮ್ರದ ತಗಡು ಮಿಂಚಿತು.

"ಈಗ ನನ್ನನ್ನು ಆಚೆ ದಾಟಿಸು" ಎಂದ ಪಂಡಿತ.

"ನಿನ್ನ ಮದ್ದು ತಿಂದ ಮೇಲೆ ರೆಪ್ಪೆ ಎತ್ತಲೂ ಆಗುತ್ತಿಲ್ಲ. ಹತ್ತಿದರೆ ನಡುಹೊಳೆಯಲ್ಲಿ ಇಬ್ಬರೂ ಮುಳುಗುತ್ತೇವೆ" ಎಂದು ಮೊಸಳೆ ಕಣ್ಣು ಮುಚ್ಚಿತು. ಬಹಳ ವರ್ಷಗಳ ಮೇಲೆ ಅದಕ್ಕೆ ನಿದ್ದೆ ಬಂದಿತ್ತು.

ಇನ್ನುಳಿದದ್ದು ಓಲೆಯೊಂದೇ. ಆದರೆ ಓಲೆ ಓದುವವನು ಧೂಪದಯ್ಯ. ಅರಸಿಯ ಹೆಸರು ಕಣ್ಣಿಗೆ ಬಿದ್ದರೆ ಅವನು ಓದುತ್ತಾನೆಯೇ?

ಪಂಡಿತ ಯೋಚಿಸಿದ. ಗರಿಯ ಮೇಲೆ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ರೂಢಿಯಿಲ್ಲ. ಅಕ್ಷರದ ಬಾಲಕ್ಕೆ ಅಕ್ಷರ, ಇರುವೆ ಸಾಲು. ಓದುವವರು ರಾಗ ಹಿಡಿದು ಓಡಬೇಕು. ಬಾಯಿ ಮುಂದೆ ಹೋಗುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ. ತನ್ನ ಬಡಾಯಿಯನ್ನು ಧೂಪದಯ್ಯ ಎಷ್ಟೋ ಸಲ ಓದಿದ್ದಾನೆ. ಬಡಾಯಿಯನ್ನು ಯಾರೂ ಲಕ್ಷ್ಯವಿಟ್ಟು ಓದುವುದಿಲ್ಲ. ಹಾಗಾದರೆ ಬಡಾಯಿಯ ಹೊಟ್ಟೆಯಲ್ಲೇ ಹೆಸರನ್ನು ಬಚ್ಚಿಡಬೇಕು.

ಬರೆಯಲು ಕೂತ. ಸೊಳ್ಳೆಯ ಮೊಣಕಾಲಿಗೆ ಪಟ್ಟು ಕಟ್ಟಿದವನೂ ಎಂದು ಬರೆದ. ಹಾವಿನ ಹರಿದ ಪೊರೆಗೆ ಹೊಲಿಗೆ ಹಾಕಿಕೊಟ್ಟವನೂ ಎಂದು ಬರೆದ. ಗುಡುಗಿನ ಗಂಟಲು ಕಟ್ಟಿದಾಗ ಜೇನು ನೆಕ್ಕಿಸಿದವನೂ ಎಂದು ಬರೆದ. ಹಿಂದೆ ಇಂಥವು ಬಾಯಿಂದ ಪುರಿಯಂತೆ ಉದುರುತ್ತಿದ್ದವು. ಈಗ ಒಂದೊಂದನ್ನೂ ಹುಡುಕಿ ಎಳೆದು ತರಬೇಕಾಯಿತು. ಆಚೆ ದಡದಲ್ಲಿ ತಾನು ಕೆಡವಿದ ಹುಡುಗಿ ಉಸಿರು ಎಣಿಸುತ್ತಿದ್ದಾಳೆ, ಈಚೆ ತಾನು ನಗೆಮಾತು ಕೊರೆಯುತ್ತಿದ್ದೇನೆ. ಕಂಟ ಬಿರುಸಾಗಿ ಒತ್ತಿ ಗರಿ ಹರಿಯಿತು. ಹೊಸ ಗರಿ ತೆಗೆದ. ಹೆಸರಿನ ಜಾಗ ಬಂದಾಗ ತಗಡನ್ನು ನೋಡಿ ಮೊದಲ ಅಕ್ಷರ ಕೊರೆದ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮರೆತಿತ್ತು. ಮತ್ತೆ ನೋಡಿದ, ಮತ್ತೆ ಕೊರೆದ. ಏನು ಬರೆದೆನೆಂದು ಅವನಿಗೇ ತಿಳಿಯಲಿಲ್ಲ. ತಗಡನ್ನು ನಂಬಿ ಬರೆದ.

"ಎಲ್ಲೂ ನಿಲ್ಲಬೇಡ" ಎಂದು ಚೀಲಪ್ಪನ ಚೀಲಕ್ಕೆ ಓಲೆ ಹಾಕಿದ.

"ಚೀಲದಲ್ಲಿರುವ ಇದನ್ನು ಕೂಡ ನೋಡುವುದಿಲ್ಲ" ಎಂದು ಚೀಲಪ್ಪ ಹಾರಿದ. ಅವನು ಕೊಟ್ಟ ಮಾತುಗಳಲ್ಲೆಲ್ಲ ಅದೇ ದೊಡ್ಡದು.

ಪಂಡಿತ ಮರಳ ಮೇಲೆ ಕೂತು ಕಾದ. ಬೂದಿ ಬಣ್ಣದ ಹೊಳೆ, ಬೂದಿ ಬಣ್ಣದ ಆಕಾಶ. ಎದುರಿಗೆ ಮಲಗಿದ್ದ ಪ್ರಾಣಿಗೆ ಏನೆನ್ನುತ್ತಾರೋ ಮರೆಯಿತು. ಕೂತಿದ್ದ ಮರಳಿಗೆ ಏನೆನ್ನುತ್ತಾರೋ ಮರೆಯಿತು. ಆಮೇಲೆ ತಾನು ಯಾರೆಂಬುದೂ ಹೋಯಿತು. ಮುದುಕನೊಬ್ಬ ತಾಮ್ರದ ತಗಡೊಂದನ್ನು ಎದೆಗವಚಿಕೊಂಡು ಕೂತಿದ್ದ, ಅಷ್ಟೇ. ಯಾಕೆ ದುಃಖವಾಗುತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ದುಃಖ ಮಾತ್ರ ಇತ್ತು. ಅದಕ್ಕೆ ಹೆಸರು ಬೇಕಿರಲಿಲ್ಲ.

ಹೊತ್ತು ವಾಲಿತು. ಅವನ ಕೆನ್ನೆಯ ಮೇಲೆ ಇಳಿದ ಹನಿಯೊಂದು ತುಟಿಗೆ ಬಂತು. ನಾಲಿಗೆ ಅದನ್ನು ಮುಟ್ಟಿತು.

ಉಪ್ಪು.

ಅವನು ತಲೆ ಎತ್ತಿದ. ಪಡುವಣ ದಿಕ್ಕಿನಲ್ಲಿ ಯಾರೋ ಕುಂಕುಮದ ಭರಣಿ ಮಗುಚಿದ್ದರು. 'ಮೊಸಳೆ' ಎಂದಿತು ಅವನ ಬಾಯಿ. ಮರಳು ಎಂದಿತು. ಅಳಲೆಕಾಯಿ ಎಂದಿತು. ತಿಪ್ಪರಸ ಎಂದಿತು. ಕೊನೆಗೆ ತಗಡು ನೋಡದೆಯೇ ಇನ್ನೊಂದು ಹೆಸರು ಹೇಳಿತು.

ಚೀಲಪ್ಪ ಬಂದಾಗ ಏದುಸಿರು ಬಿಡುತ್ತಿದ್ದ.

"ಕಾಟಮ್ಮಜ್ಜಿ ಮಂಚದ ಕಾಲ ಬಳಿ ಕೂತಿದ್ದಳು. ಧೂಪದಯ್ಯ ದೀಪಕ್ಕೆ ಎಣ್ಣೆ ಹಾಕಿಸಿಯೇ ಓದಲು ನಿಂತಿದ್ದ, ತಲೆಯ ಬಳಿ ದೀಪ ಹಚ್ಚಿಡಿ ಅಂತಲೇ ನೀವು ಬರೆಯುತ್ತೀರಿ ಅಂತ ಅವನಿಗೆ ಗೊತ್ತಿತ್ತು. ರಾಗ ಎಳೆದ. ಸೊಳ್ಳೆ ಬಂತು, ಹಾವು ಬಂತು, ಗುಡುಗು ಬಂತು. ಆಕಳಿಸುತ್ತ ಓದುತ್ತಿದ್ದ. ಅದೇ ರಾಗದಲ್ಲಿ, 'ಇಂತೆಲ್ಲ ಬಿರುದುಳ್ಳ ತಿಪ್ಪರಸನು ಬಾಚಲದೇವಿ ನಿನಗೆ ಬರೆದದ್ದು, ಈ ಕಾಯಿಲೆ ನಿನ್ನದು, ಮಾವುತನದಲ್ಲ ನೀರು ಹೊರುವವಳದಲ್ಲ ಅಜ್ಜಿಯದಲ್ಲ, ಕಾಯಿಲೆ ಧೂಪದ್ದು, ಏಳು' ಅಂತ ಓದಿಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಆಡಿದ ಮಾತು, ಪಂಡಿತರೇ, ನುಂಗಲಾಗುತ್ತದೆಯೇ?"

"ಆಕೆ?"

"ಕಣ್ಣು ಬಿಟ್ಟು, 'ನನ್ನನ್ನು ಯಾರು ಕರೆದರು?' ಅಂದರು. ಆಗ ಹಾಸಿಗೆಯ ಕೆಳಗಿನಿಂದ ಬೂದಿ ಬಣ್ಣದ್ದೊಂದು, ಬೆಕ್ಕೂ ಅಲ್ಲ ನಾಯಿಯೂ ಅಲ್ಲ, ಎದ್ದು ನಿಂತಿತು. ಅದೇ ಕಾಯಿಲೆ. ಇಷ್ಟು ದಿನ ಅಲ್ಲೇ ಇತ್ತು, ಯಾರಿಗೂ ಕಂಡಿರಲಿಲ್ಲ. ಅಡಗಲು ಇನ್ನೊಬ್ಬರ ಹೆಸರು ಸಿಗದೆ ನೇರ ಬುರುಡೆಯ ಮೇಲೆ ಹಾರಿತು. ಬುರುಡೆ ಒಡೆಯಿತು. ಬೂದಿಯೆಲ್ಲ ಧೂಪದಯ್ಯನ ತಲೆಯ ಮೇಲೆ. ಕಾಟಮ್ಮಜ್ಜಿ ಎದ್ದು ಊರುಗೋಲಿನಿಂದ ಕಿಟಕಿಯ ಮಣ್ಣು ಒಡೆದಳು. ಗಾಳಿ ಬಂತು, ಆ ಪ್ರಾಣಿ ಕರಗಿಹೋಯಿತು. ಅವನು ಈಗ ಪೇಟೆಬೀದಿಯಲ್ಲಿ ಹೋಗಿಬರುವವರನ್ನೆಲ್ಲ ನಿಲ್ಲಿಸಿ, 'ಸ್ವಾಮಿ, ನಾನು ಯಾರು ತಾವು ಬಲ್ಲಿರಾ?' ಅಂತ ಕೇಳುತ್ತಿದ್ದಾನೆ. ಬಹುವಚನ ಮಾತ್ರ ಮರೆತಿಲ್ಲ."

ಮೊಸಳೆ ಚೇತರಿಸಿಕೊಂಡ ಮೇಲೆ ತಿಪ್ಪರಸ ಅದರ ಬೆನ್ನೇರಿ ಹೊಳೆ ದಾಟಿದ. ಇಷ್ಟು ದಿನ ಮದ್ದು ಕೊಟ್ಟ ರೋಗಿಯನ್ನು ಮೊದಲ ಸಲ ಕಣ್ಣಾರೆ ಕಂಡ. ಬಾಚಲದೇವಿ ತೆರೆದ ಕಿಟಕಿಯ ಬಳಿ ದಿಂಬಿಗೊರಗಿ ಕೂತು ಉಪ್ಪು ಹಚ್ಚಿದ ಮಾವಿನಕಾಯಿ ಚೂರನ್ನು ಚೀಪುತ್ತಿದ್ದಳು. ನಾಡಿ ನೋಡಲೆಂದು ಅವಳು ಕೈ ಚಾಚಿದಳು. ಆ ಮಣಿಕಟ್ಟು ಅವನ ಎರಡು ಬೆರಳಿಗಿಂತ ದಪ್ಪವಿರಲಿಲ್ಲ.

"ಬೊಗಸೆ ತುಂಬ ಬರೆದವನು ನಾನೇ, ತಾಯಿ" ಎಂದ.

"ಗೊತ್ತು. ಸತ್ತೇಹೋಗುತ್ತೇನೆ ಅಂದುಕೊಂಡೆ."

"ಕೇಳದೆ ಬರೆದೆ."

"ನಾವೂ ಹೇಳದೆ ಬರೆಸಿದೆವು" ಎಂದಳು ಅರಸಿ. ಅವಳು ನಗಲಿಲ್ಲ, ಕೈಯನ್ನೂ ಹಿಂದಕ್ಕೆಳೆದುಕೊಳ್ಳಲಿಲ್ಲ. "ಈಗ ಕೇಳಿ."

ಅವನು ಕೇಳಿದ. ಎಲ್ಲಿ ನೋವು, ಯಾವಾಗಿನಿಂದ, ಏನು ಕಂಡರೆ ಹೆದರಿಕೆ. ಅವಳು ಹೇಳಿದಳು. ಹೊತ್ತು ಮುಳುಗುವವರೆಗೂ ಹೇಳಿದಳು. ಅಷ್ಟು ಹೊತ್ತೂ ಪಂಡಿತ ತನ್ನ ಬಗ್ಗೆ ಒಂದು ಮಾತು ಆಡಲಿಲ್ಲ. ಹೊನ್ನರಳಿಯ ಜನ ಇವತ್ತಿಗೂ ನಂಬದ ಅದ್ಭುತ ಅದೊಂದೇ.

ಮಾರನೆಯ ದಿನ ಡಂಗುರ ಸಾರಿಸಲಾಯಿತು. ಇನ್ನು ಮೇಲೆ ಯಾರ ಕಾಯಿಲೆ ಅವರ ಹೆಸರಲ್ಲೇ, ಅರಸಿಯದೂ ಕೂಡ. ಪಕ್ಕದ ರಾಜ್ಯಕ್ಕೆ ಸುದ್ದಿ ಹೋಯಿತು. ಅಲ್ಲಿಯ ರಾಜ ಕುದುರೆಗೆ ಜೀನು ಬಿಗಿಸಿದ್ದೂ ಹೌದು. ಬಿಗಿಸಿ, ಹತ್ತಿ, ಕೂರಲಾರದೆ ಇಳಿದು, ಗುಟ್ಟಾಗಿ ತಿಪ್ಪರಸನಿಗೆ ಓಲೆ ಕಳಿಸಿದ. "ನಮ್ಮ ಪಟ್ಟದ ಕುದುರೆಗೆ ಕೂತರೆ ಉರಿ, ನಿಂತರೆ ನೋವು. ಮದ್ದು ತಿಳಿಸುವುದು."

ತಿಪ್ಪರಸ ಅದೇ ಗರಿಯ ಬೆನ್ನಿಗೆ ಉತ್ತರ ಬರೆದ. "ಕುದುರೆ ಯಾವಾಗ ಕೂರುತ್ತದೆ ಎಂಬುದನ್ನು ಮೊದಲು ತಿಳಿಸುವುದು. ನಾಚಿಕೆ ಬೇಡ."

ಹಾಗೆ ಯುದ್ಧ ತಪ್ಪಿತು, ಮೊಸಳೆ ಜನರನ್ನು ದಾಟಿಸಿತು, ರಾಗಿ ತೆನೆ ಬಿಟ್ಟಿತು, ತಾಯಂದಿರು ಕರೆದರೆ ಮಕ್ಕಳು ಸರಿಯಾದ ಮನೆಗೆ ಓಡಿಬಂದವು. ಅವರೆಲ್ಲ ಹೊಳೆಯ ಆ ದಡದಲ್ಲಿ ಉಪ್ಪು ಹಾಕಿಕೊಂಡು ಸುಖವಾಗಿ ಉಂಡರು. ನಾವು ಈ ದಡದವರು, ನಮ್ಮ ಎಲೆಯಲ್ಲಿ ಇದ್ದದ್ದನ್ನು ಉಂಡು, ಎಲ್ಲಿ ನೋವೆಂದು ಕೇಳಿದವರಿಗೆ ನಿಜ ಹೇಳಿ ಮಲಗೋಣ.